ನಾಳಿನ ಬೆಲೆ ನೋಡಿ ಇಂದು ಕೊಳ್ಳುವ ಫಾರ್ಮುಲಾಗಳು: ಚಾರ್ಟ್ ನಂಬಿ ಟ್ರೇಡ್ ಮಾಡುವ ಗೆಳೆಯರಿಗೊಂದು ಬಹಿರಂಗ ಪತ್ರ

ಗೆಳೆಯರೆ,

ಅಮಿಬ್ರೋಕರ್ ಎಂಬ ಚಾರ್ಟ್ ತಂತ್ರಾಂಶ ತೆರೆದು, ಅದರ ಫಾರ್ಮುಲಾ ಭಾಷೆಯಲ್ಲಿ ಯಾರೋ ಬರೆದುಕೊಟ್ಟ ಎಎಫ್‌ಎಲ್ ಫೈಲನ್ನು ಚಾರ್ಟಿನ ಮೇಲೆ ಹಾಕಿಕೊಂಡು, ಹಸಿರು ಬಾಣ ಬಂದಾಗ ಕೊಂಡು ಕೆಂಪು ಬಾಣ ಬಂದಾಗ ಮಾರುವ ಎಲ್ಲರಿಗೂ ಈ ಪತ್ರ. ನಿಮ್ಮಲ್ಲಿ ಸಾಫ್ಟ್‌ವೇರ್ ಕೆಲಸದವರಿದ್ದೀರಿ, ಅಂಗಡಿ ನಡೆಸುವವರಿದ್ದೀರಿ, ನಿವೃತ್ತರಾಗಿ ಪಿಎಫ್ ಹಣದ ಒಂದು ಪಾಲನ್ನು ಡಿಮ್ಯಾಟ್ ಖಾತೆಗೆ ತಂದವರಿದ್ದೀರಿ. ಫಾರ್ಮುಲಾ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಈ ಕೆಲಸದಲ್ಲಿ ಪದೇ ಪದೇ ಎದುರಾಗುವ ಒಂದು ಸಂಗತಿಯನ್ನು ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಎಲ್ಲರ ಮುಂದೆ ಹೇಳುವುದೇ ಸರಿ ಅನ್ನಿಸಿದೆ. ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವ ಬ್ಯಾಕ್‌ಟೆಸ್ಟಿನಲ್ಲಿ ಬೆರಗು ಹುಟ್ಟಿಸುವ ಎಷ್ಟೋ ಫಾರ್ಮುಲಾಗಳು ನಾಳಿನ ಬೆಲೆ ನೋಡಿ ಇಂದು ಕೊಳ್ಳುತ್ತಿರುತ್ತವೆ. ಬರೆದವರ ಮನಸ್ಸಿನಲ್ಲಿ ಮೋಸ ಇರಲೇಬೇಕೆಂದಿಲ್ಲ. ಈ ತಂತ್ರಾಂಶ ಲೆಕ್ಕ ಮಾಡುವ ರೀತಿಯಲ್ಲೇ ಅಂಥದ್ದಕ್ಕೆ ಬಾಗಿಲು ತೆರೆದಿದೆ. ಆ ರೀತಿ ಏನೆಂದು ಅರ್ಥ ಮಾಡಿಕೊಳ್ಳದೆ ಹಣ ಹಾಕಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಅಮಿಬ್ರೋಕರ್‌ನ ಭಾಷೆಯಲ್ಲಿ ‘ಕ್ಲೋಸ್’ ಎಂದು ಬರೆದರೆ ಅದು ಒಂದು ಬೆಲೆಯಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಇರುತ್ತದಲ್ಲ, ಮೊದಲ ದಿನದಿಂದ ಇವತ್ತಿನವರೆಗಿನ ಅಂಕಿಗಳೆಲ್ಲ ಒಂದರ ಕೆಳಗೊಂದು, ಹಾಗೆ ಆ ಷೇರಿನ ಮುಕ್ತಾಯ ಬೆಲೆಗಳೆಲ್ಲ ಒಟ್ಟಿಗೆ. ಅದಕ್ಕೆ ಅರೇ ಎನ್ನುತ್ತಾರೆ. ಓಪನ್, ಹೈ, ಲೋ, ವಾಲ್ಯೂಮ್ ಎಲ್ಲವೂ ಹೀಗೆಯೇ. ಎರಡು ಅರೇಗಳನ್ನು ಕೂಡಿಸಿದರೆ ಆಯಾ ದಿನದ ಅಂಕಿಗೆ ಆಯಾ ದಿನದ ಅಂಕಿ ಕೂಡುತ್ತದೆ. ಹೋಲಿಸಿದರೆ ಪ್ರತಿ ದಿನಕ್ಕೂ ಹೌದು ಅಥವಾ ಇಲ್ಲ, ಅಂದರೆ 1 ಅಥವಾ 0 ಬರುತ್ತದೆ. ನಿಮ್ಮ ಹಸಿರು ಬಾಣವೆಂದರೆ ‘ಬೈ’ ಎಂಬ ಅರೇಯಲ್ಲಿ 1 ಇರುವ ಜಾಗ, ಅಷ್ಟೇ.

ಐದು ದಿನದ ಬೆಲೆ ಇಟ್ಟುಕೊಂಡು ಕೈಯಲ್ಲೇ ಮಾಡಿ ನೋಡೋಣ. ಒಂದು ಷೇರು ಕ್ರಮವಾಗಿ 100, 98, 97, 103, 104 ರೂಪಾಯಿಗೆ ಮುಗಿದಿದೆ. ಇದರ ಮೂರು ದಿನದ ಸರಾಸರಿ ಬೇಕು. ಮೊದಲ ಎರಡು ದಿನಕ್ಕೆ ಉತ್ತರವೇ ಇಲ್ಲ, ಆ ಜಾಗಗಳು ಖಾಲಿ; ತಂತ್ರಾಂಶದಲ್ಲಿ ಅದಕ್ಕೆ ‘ನಲ್’ ಎಂದು ಹೆಸರು. ಮೂರನೆಯ ದಿನ 98.33, ನಾಲ್ಕನೆಯ ದಿನ 99.33, ಐದನೆಯ ದಿನ 101.33. ಈಗ ‘ಕ್ರಾಸ್’ ಫಂಕ್ಷನ್ ಕೇಳುವ ಪ್ರಶ್ನೆ: ಬೆಲೆ ಸರಾಸರಿಯನ್ನು ಕೆಳಗಿನಿಂದ ಮೇಲಕ್ಕೆ ದಾಟಿದ ದಿನ ಯಾವುದು? ಮೂರನೆಯ ದಿನ 97, ಸರಾಸರಿಗಿಂತ ಕೆಳಗೆ. ನಾಲ್ಕನೆಯ ದಿನ 103, ಸರಾಸರಿಗಿಂತ ಮೇಲೆ. ಹಾಗಾಗಿ ನಾಲ್ಕನೆಯ ದಿನಕ್ಕೆ 1. ಐದನೆಯ ದಿನವೂ ಬೆಲೆ ಮೇಲೆಯೇ ಇದೆ, ಆದರೆ ದಾಟುವುದು ನಿನ್ನೆಯೇ ಮುಗಿದಿರುವುದರಿಂದ 0. ಇಷ್ಟೂ ಲೆಕ್ಕ ಒಂದೇ ಸಾಲಿನ ಫಾರ್ಮುಲಾ. ಐದು ದಿನದ ಬದಲು ಐದು ಸಾವಿರ ದಿನ ಕೊಟ್ಟರೂ ಆ ಸಾಲಿನಲ್ಲಿ ಒಂದು ಅಕ್ಷರ ಬದಲಾಗುವುದಿಲ್ಲ.

ಈ ವಿಧಾನದ ಮೇಲೆ ನನಗೆ ನಿಜವಾದ ಗೌರವವಿದೆ. ನಮ್ಮ ಪೇಟೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ, ಅಂದರೆ 375 ನಿಮಿಷ ನಡೆಯುತ್ತದೆ. ಒಂದು ನಿಮಿಷದ ಬೆಲೆಗಳಿಗೆ ಒಂದು ಬಾರ್ ಎಂದರೆ ವರ್ಷದ ಸುಮಾರು 250 ದಿನಕ್ಕೆ ಒಂದೇ ಷೇರಿನ ತೊಂಬತ್ತು ಸಾವಿರಕ್ಕೂ ಹೆಚ್ಚು ಬಾರ್‌ಗಳು. ಐವತ್ತು ಷೇರು, ಹತ್ತು ವರ್ಷ ಎಂದು ಗುಣಿಸಿ ನೋಡಿ. ಮನೆಯ ಲ್ಯಾಪ್‌ಟಾಪಿನಲ್ಲಿ ಇಷ್ಟನ್ನು ಜಾಲಾಡಲು ಸಾಧ್ಯವಾಗುವುದು ಇಡೀ ಸಾಲನ್ನೇ ಒಂದು ಅಂಕಿಯಂತೆ ಎತ್ತಿಕೊಂಡು ಲೆಕ್ಕ ಮಾಡುವುದರಿಂದ.

ಈ ವಿಚಾರ ಹುಟ್ಟಿದ್ದು ಷೇರುಪೇಟೆಯಲ್ಲಲ್ಲ. ಕೆನಡಾದ ಕೆನೆತ್ ಐವರ್ಸನ್ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದಾಗ ರೂಪಿಸಿದ ಗಣಿತ ಸಂಕೇತಗಳು 1962ರಲ್ಲಿ ಪುಸ್ತಕವಾದವು, ಮುಂದೆ ಐಬಿಎಂನಲ್ಲಿ ಎಪಿಎಲ್ ಎಂಬ ಭಾಷೆಯಾದವು. 1979ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅದೇ ದಾರಿಯಲ್ಲಿ ನಡೆದ ಆರ್ಥರ್ ವಿಟ್ನಿ, ಮಾರ್ಗನ್ ಸ್ಟ್ಯಾನ್ಲಿಯಲ್ಲಿ ಕೆಲಸ ಮಾಡಿ, ಆಮೇಲೆ ‘ಕೆ’ ಎಂಬ ಭಾಷೆ ಕಟ್ಟಿದರು. ಅದರ ಮೇಲೆ ನಿಂತ ಕೆಡಿಬಿ ಡೇಟಾಬೇಸನ್ನು ದೊಡ್ಡ ದೊಡ್ಡ ಬ್ಯಾಂಕುಗಳು ಬಳಸುತ್ತವೆ. ಪೈಥಾನ್ ಬಲ್ಲವರು ದಿನಾ ಮುಟ್ಟುವ ಪಾಂಡಾಸ್ ಕೂಡ 2008ರಲ್ಲಿ ವೆಸ್ ಮೆಕಿನ್ನಿ ಎಕ್ಯೂಆರ್ ಎಂಬ ಹೂಡಿಕೆ ಸಂಸ್ಥೆಯಲ್ಲಿದ್ದಾಗ ಶುರುಮಾಡಿದ್ದು. ಪೋಲೆಂಡಿನ ತೊಮಾಷ್ ಯಾನೆಚ್ಕೊ ಅವರ ಅಮಿಬ್ರೋಕರ್ ಇದೇ ಬಳಗಕ್ಕೆ ಸೇರಿದ್ದು. ಬೆಳಗಾವಿಯಲ್ಲೋ ಪುತ್ತೂರಿನಲ್ಲೋ ಕೂತ ನಿಮ್ಮ ಕೈಗೆ ದೊಡ್ಡ ಬ್ಯಾಂಕಿನವರು ಯೋಚಿಸುವ ರೀತಿಯೇ ಸಿಕ್ಕಿದೆ. ಇದು ಸಣ್ಣ ಮಾತಲ್ಲ.

ಆದರೆ ಇಡೀ ಕಾಲಂ ಒಮ್ಮೆಗೇ ಎದುರಿಗಿದೆ ಎಂದರೆ, ಮೂರನೆಯ ದಿನದ ಲೆಕ್ಕ ಮಾಡುವಾಗ ನಾಲ್ಕನೆಯ ದಿನದ ಬೆಲೆಯೂ ಎದುರಿಗೇ ಇದೆ. ‘ರೆಫ್(ಕ್ಲೋಸ್, -1)’ ಎಂದರೆ ನಿನ್ನೆಯ ಬೆಲೆ. ಆ ಮೈನಸ್ ಚಿಹ್ನೆ ಬಿಟ್ಟುಹೋಗಿ ‘ರೆಫ್(ಕ್ಲೋಸ್, 1)’ ಆದರೆ ನಾಳಿನ ಬೆಲೆ. ತಂತ್ರಾಂಶ ತಡೆಯುವುದಿಲ್ಲ, ಎರಡೂ ವ್ಯಾಕರಣಬದ್ಧ. ನಮ್ಮ ಐದು ದಿನಕ್ಕೇ ಇದನ್ನು ಹಾಕಿ ನೋಡಿ. ‘ನಾಳಿನ ಬೆಲೆ ಇಂದಿಗಿಂತ ಹೆಚ್ಚಿದ್ದರೆ ಕೊಳ್ಳು’ ಎಂದಾಗ ಮೊದಲ ಬಾಣ ಮೂರನೆಯ ದಿನ, ಸರಿಯಾಗಿ 97 ರೂಪಾಯಿಯ ತಳದಲ್ಲಿ ಬೀಳುತ್ತದೆ. ಚಾರ್ಟ್ ನೋಡಿದವರು ಮರುಳಾಗದೆ ಇರುವುದು ಹೇಗೆ? ಸೋಮವಾರ ಪೇಟೆ ತೆರೆದಾಗ ಮಾತ್ರ ಆ ಬಾಣ ಕೊನೆಯ ಬಾರ್‌ನಲ್ಲಿ ಎಂದೂ ಬರುವುದಿಲ್ಲ, ಏಕೆಂದರೆ ಕೊನೆಯ ಬಾರ್‌ಗೆ ನಾಳೆ ಎಂಬುದೇ ಇಲ್ಲ.

ಒಂದು ಮೈನಸ್ ಚಿಹ್ನೆಯ ತಪ್ಪನ್ನು ಕಣ್ಣು ಹಿಡಿಯುತ್ತದೆ. ಕಣ್ಣಿಗೆ ಸುಲಭವಾಗಿ ಬೀಳದ ದೊಡ್ಡ ಅಪಾಯ ಬೆಲೆಯ ತುದಿ-ತಳ ಗುರುತಿಸುವ ‘ಜಿಗ್’, ‘ಪೀಕ್’, ‘ಟ್ರಫ್’ ಎಂಬ ಫಂಕ್ಷನ್‌ಗಳಲ್ಲಿದೆ. ನಾನು ನೋಡಿದ ಕೆಟ್ಟ ಫಾರ್ಮುಲಾಗಳಲ್ಲಿ ಹೆಚ್ಚಿನವು ಇವುಗಳ ಮೇಲೆ ನಿಂತವು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶೇ 5ರ ಜಿಗ್‌ಜ್ಯಾಗ್ ಎಂದುಕೊಳ್ಳಿ. ಷೇರು 100 ರೂಪಾಯಿಗೆ ಇಳಿದು, 120ಕ್ಕೆ ಏರಿ, ಮತ್ತೆ ಇಳಿಯತೊಡಗಿತು. 100 ತಳ ಎಂದು ಗೊತ್ತಾಗುವುದು ಯಾವಾಗ? ಬೆಲೆ ಅಲ್ಲಿಂದ ಶೇ 5 ಏರಿ 105 ಮುಟ್ಟಿದಾಗ. 120 ತುದಿ ಎಂದು ಗೊತ್ತಾಗುವುದು ಬೆಲೆ 114ಕ್ಕೆ ಇಳಿದಾಗ. ಆದರೆ ಫಂಕ್ಷನ್ ಗೆರೆ ಎಳೆಯುವುದು 100ರಿಂದ 120ಕ್ಕೆ, ಬಾಣ ಇಡುವುದೂ ಅಲ್ಲಿಯೇ. ಬ್ಯಾಕ್‌ಟೆಸ್ಟ್ ಪ್ರಕಾರ ಒಂದು ಷೇರಿಗೆ 20 ರೂಪಾಯಿ ಲಾಭ. ನಿಜವಾಗಿ 105ಕ್ಕೆ ಕೊಂಡು 114ಕ್ಕೆ ಮಾರಿದವರಿಗೆ 9 ರೂಪಾಯಿ, ಅದೂ ಬ್ರೋಕರೇಜ್, ಎಸ್‌ಟಿಟಿ ತೆರಿಗೆ ಕಳೆಯುವ ಮೊದಲು. ಇನ್ನು ಷೇರು 100ರಿಂದ 107ಕ್ಕೆ ಏರಿ ತಿರುಗಿದ್ದರೆ? ಬ್ಯಾಕ್‌ಟೆಸ್ಟ್ 7 ರೂಪಾಯಿ ಲಾಭ ಬರೆದುಕೊಳ್ಳುತ್ತದೆ. 105ಕ್ಕೆ ಕೊಂಡ ನೀವು 107ರ ಶೇ 5 ಇಳಿದ ಮೇಲೆ 102ಕ್ಕಿಂತ ಕಡಿಮೆಗೆ ಮಾರಿ ನಷ್ಟ ಹೊತ್ತುಕೊಂಡು ಬರುತ್ತೀರಿ. ಲಾಭದ ಟ್ರೇಡ್ ನಷ್ಟದ ಟ್ರೇಡ್ ಆಗುವುದು ಹೀಗೆ. ಎಲಿಯಟ್ ವೇವ್ ತಾನೇ ಗುರುತಿಸುತ್ತದೆ, ಹಾರ್ಮೋನಿಕ್ ಪ್ಯಾಟರ್ನ್ ತಾನೇ ಹಿಡಿಯುತ್ತದೆ ಎಂದು ಮಾರುವ ಫೈಲುಗಳನ್ನು ತೆರೆದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಮೂರು ಹೆಸರುಗಳನ್ನು.

‘ಲಾಸ್ಟ್‌ವ್ಯಾಲ್ಯೂ’ ಕೂಡ ಹಾಗೆಯೇ: ಕೊನೆಯ ಬಾರ್‌ನ ಅಂಕಿಯನ್ನು ತೆಗೆದು ಹತ್ತು ವರ್ಷ ಹಿಂದಿನ ಬಾರ್‌ಗೂ ಹಂಚುತ್ತದೆ. ವಾರದ ಚಾರ್ಟನ್ನು ದಿನದ ಚಾರ್ಟಿನ ಜೊತೆ ಬೆರೆಸುವವರು ‘ಟೈಮ್‌ಫ್ರೇಮ್‌ಎಕ್ಸ್‌ಪ್ಯಾಂಡ್’ ಬಳಸುತ್ತಾರೆ. ಅದರಲ್ಲಿ ‘ಎಕ್ಸ್‌ಪ್ಯಾಂಡ್‌ಫಸ್ಟ್’ ಎಂದು ಕೊಟ್ಟರೆ ಶುಕ್ರವಾರದ ಮುಕ್ತಾಯ ಬೆಲೆ ಸೋಮವಾರವೇ ಸಿಕ್ಕಿಬಿಡುತ್ತದೆ. ಅಮಿಬ್ರೋಕರ್ ಬಿಟ್ಟವರು ನಿಶ್ಚಿಂತರಾಗಬೇಡಿ. ಟ್ರೇಡಿಂಗ್‌ವ್ಯೂನ ಪೈನ್ ಸ್ಕ್ರಿಪ್ಟ್ ಒಂದೊಂದೇ ಬಾರ್‌ ದಾಟುತ್ತ ಓಡುವುದಾದರೂ, ಬೇರೆ ಕಾಲಾವಧಿಯ ಬೆಲೆ ತರಿಸುವಾಗ ‘ಲುಕ್‌ಅಹೆಡ್ ಆನ್’ ಮಾಡಿದರೆ ಅಲ್ಲೂ ಇದೇ ಗತಿ. ಪಾಂಡಾಸ್‌ನಲ್ಲಿ ‘ಶಿಫ್ಟ್(-1)’ ಎಂದರೆ ನಾಳೆ; ಅಲ್ಲಿ ಮೈನಸ್ ಚಿಹ್ನೆಯ ಅರ್ಥ ಅಮಿಬ್ರೋಕರ್‌ಗೆ ತೀರಾ ಉಲ್ಟಾ. ಒಂದರಿಂದ ಇನ್ನೊಂದಕ್ಕೆ ಫಾರ್ಮುಲಾ ಬದಲಿಸಿಕೊಳ್ಳುವವರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಫಾರ್ಮುಲಾ ಮುಂದಿನ ಬಾರ್‌ಗಳನ್ನು ನೋಡುತ್ತಿದೆಯೇ ಎಂದು ಹೇಳುವ ತಪಾಸಣೆ ಅಮಿಬ್ರೋಕರ್‌ನಲ್ಲೇ ಇದೆ. ಅದನ್ನು ಖಂಡಿತ ಓಡಿಸಿ. ಆದರೆ ಅದಕ್ಕೂ ಸಿಗದ ಒಂದಿದೆ. ಕ್ಲೋಸ್ ನೋಡಿ ಬೈ ಸಿಗ್ನಲ್ ಕೊಟ್ಟು, ಕೊಳ್ಳುವ ಬೆಲೆಯನ್ನು ಅದೇ ದಿನದ ಓಪನ್ ಎಂದು ಬರೆದರೆ, ಮಧ್ಯಾಹ್ನ 3.30ಕ್ಕೆ ಗೊತ್ತಾದ ಸಂಗತಿಯ ಮೇಲೆ ಬೆಳಿಗ್ಗೆ 9.15ಕ್ಕೆ ಕೊಂಡಂತಾಯಿತು. ಎರಡೂ ಅಂಕಿಗಳು ಒಂದೇ ಬಾರ್‌ನಲ್ಲಿರುವುದರಿಂದ ತಪಾಸಣೆಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಅದೇ ದಿನದ ಕ್ಲೋಸ್‌ಗೇ ಕೊಂಡೆ ಎನ್ನುವುದೂ ಪೂರ್ತಿ ನಿಜವಲ್ಲ. ಎನ್‌ಎಸ್‌ಇ ಕ್ಯಾಶ್ ಮಾರುಕಟ್ಟೆಯ ಮುಕ್ತಾಯ ಬೆಲೆಯನ್ನು ಬಹುಕಾಲದಿಂದ ಕೊನೆಯ ಅರ್ಧ ಗಂಟೆಯ ವಹಿವಾಟಿನ ಸರಾಸರಿಯಾಗಿ ಲೆಕ್ಕ ಹಾಕುತ್ತ ಬಂದಿದೆ, ನಿಮ್ಮ ಪರದೆಯ ಮೇಲಿನ ಕೊನೆಯ ಬೆಲೆ ಅದಲ್ಲ. ಫಾರ್ಮುಲಾದಲ್ಲೇ ‘ಸೆಟ್‌ಟ್ರೇಡ್‌ಡಿಲೇಸ್’ ಬರೆದು ಒಂದು ಬಾರ್ ತಡ ಕೊಡಿ, ಮರುದಿನದ ಓಪನ್ ಬೆಲೆಗೆ ಕೊಳ್ಳಿ. ಆಗ ಉಳಿಯುವ ಲಾಭವನ್ನು ಮಾತ್ರ ಲಾಭ ಎಂದು ಕರೆಯಿರಿ.

ಹೊಸಬರಿಗೆ ಒಂದು ಮಾತು. ‘ಇಫ್’ ಒಳಗೆ ಅರೇ ಹಾಕಿದಾಗ ತಂತ್ರಾಂಶ ತಪ್ಪೆಂದು ಹೇಳಿ ನಿಲ್ಲುತ್ತದೆ, ಏಕೆಂದರೆ ಸಾವಿರ ಹೌದು-ಇಲ್ಲಗಳ ಸಾಲು ಕೊಟ್ಟರೆ ಅದು ಯಾವುದನ್ನು ನಂಬಬೇಕು? ಬಾರ್‌ಗೊಂದು ಉತ್ತರ ಬೇಕಿದ್ದರೆ ‘ಐಐಎಫ್’ ಬಳಸಿ. ಇಂದಿನ ಸ್ಟಾಪ್‌ಲಾಸ್ ನಿನ್ನೆಯ ಸ್ಟಾಪ್‌ಲಾಸ್ ಮೇಲೆ ನಿಂತಿರುವಂಥ ಲೆಕ್ಕ ಬಂದಾಗ ಮಾತ್ರ ಲೂಪ್ ಬರೆಯಿರಿ. ಅಂಥಲ್ಲಿ ಲೂಪ್ ಬರೆಯಲು ನಾಚಿಕೆ ಬೇಡ; ಒಂದೊಂದೇ ಬಾರ್‌ಗೆ ಕಾಲಿಡುತ್ತ ಹೋಗುವಾಗ ಮುಂದಿನದು ಕಣ್ತಪ್ಪಿ ನುಸುಳುವ ಸಂದರ್ಭವೂ ಕಡಿಮೆ.

ಫಾರ್ಮುಲಾ ಶುದ್ಧವಾಗಿದ್ದರೂ ಅರೇ ಒಳಗಿನ ಅಂಕಿಗಳೇ ದಾರಿ ತಪ್ಪಿಸುವುದುಂಟು. 2021ರ ಫೆಬ್ರುವರಿ 24 ನಿಮಗೆ ನೆನಪಿರಬಹುದು. ತಾಂತ್ರಿಕ ತೊಂದರೆಯಿಂದ ಎನ್‌ಎಸ್‌ಇ 11.40ಕ್ಕೆ ನಿಂತಿತು, ಮತ್ತೆ ತೆರೆದದ್ದು ಮಧ್ಯಾಹ್ನ 3.45ಕ್ಕೆ, ಸಂಜೆ 5ರವರೆಗೆ ನಡೆಯಿತು. ಈಗ ನಿಮ್ಮ ಇಂಟ್ರಾಡೇ ಫಾರ್ಮುಲಾ ನೋಡಿ. ‘ಸಮಯ 3.15ಕ್ಕೆ ಸಮ ಆದಾಗ ಎಲ್ಲ ಮಾರು’ ಎಂದು ಬರೆದಿದ್ದರೆ, ಆ ದಿನ 3.15ರ ಬಾರ್ ಎಂಬುದೇ ಅರೇಯಲ್ಲಿಲ್ಲ. ಮಾರಾಟ ಆಗುವುದೇ ಇಲ್ಲ. ಪೊಸಿಷನ್ ಮರುದಿನಕ್ಕೆ ಉಳಿದು, ಬ್ಯಾಕ್‌ಟೆಸ್ಟಿನ ಆ ತಿಂಗಳ ಲೆಕ್ಕವೇ ಕೆಡುತ್ತದೆ. ‘3.15 ಅಥವಾ ಅದರ ನಂತರ’ ಎಂದಿದ್ದರೆ 3.45ಕ್ಕೆ ಮಾರಾಟವಾಗುತ್ತಿತ್ತು. ದೀಪಾವಳಿಯ ಮುಹೂರ್ತ ಟ್ರೇಡಿಂಗ್ ದಿನವೂ ಹೀಗೆಯೇ, ಗಂಟೆಯೊಂದರ ವಹಿವಾಟು, ಬೆಳಗಿನ ಮೊದಲ ಹದಿನೈದು ನಿಮಿಷ ಎಂಬುದೇ ಆ ದಿನಕ್ಕಿಲ್ಲ. ದಿನಕ್ಕೆ 375 ಬಾರ್ ಇದ್ದೇ ಇರುತ್ತದೆ ಎಂದು ಎಣಿಸಿ ಬರೆದ ಫಾರ್ಮುಲಾಗೆ ಇಂಥ ದಿನಗಳಲ್ಲಿ ಕಾಲು ಜಾರುತ್ತದೆ.

ನಮ್ಮ ಇನ್ಫೋಸಿಸ್ ಅನ್ನೇ ತೆಗೆದುಕೊಳ್ಳಿ. 2014ರ ಡಿಸೆಂಬರ್, 2015ರ ಜೂನ್, 2018ರ ಸೆಪ್ಟೆಂಬರ್, ಮೂರು ಸಲವೂ ಒಂದಕ್ಕೊಂದು ಬೋನಸ್ ಕೊಟ್ಟಿತು. ಬೋನಸ್ ಆದ ದಿನ ಷೇರುಗಳ ಸಂಖ್ಯೆ ಎರಡು ಪಟ್ಟು, ಬೆಲೆ ಹೆಚ್ಚುಕಡಿಮೆ ಅರ್ಧ. ಷೇರುದಾರ ಒಂದು ಪೈಸೆ ಕಳೆದುಕೊಂಡಿಲ್ಲ. ಡೇಟಾ ಸರಿಹೊಂದಿಸದೆ ಬಿಟ್ಟರೆ ಅರೇ ಕಾಣುವುದು ಒಂದೇ ದಿನದ ಶೇ 50ರ ಕುಸಿತ. ಸ್ಟಾಪ್‌ಲಾಸ್ ಹೊಡೆಯುತ್ತದೆ, ಸರಾಸರಿಗಳು ವಾರಗಟ್ಟಲೆ ಕೆಡುತ್ತವೆ, ‘ಶೇ 30 ಬಿದ್ದ ಒಳ್ಳೆಯ ಕಂಪನಿ ಕೊಳ್ಳು’ ಎಂಬ ಫಾರ್ಮುಲಾ ಕುಣಿದಾಡುತ್ತದೆ. ಸರಿಹೊಂದಿಸಿದ ಡೇಟಾದಲ್ಲೂ ಎಚ್ಚರ ಬೇಕು. 2000ದ ಸುಮಾರಿಗೆ ಸಾವಿರಗಳಲ್ಲಿ ಬೆಲೆಬಾಳುತ್ತಿದ್ದ ಇದೇ ಷೇರು ಇಂದಿನ ಸರಿಹೊಂದಿಸಿದ ಚಾರ್ಟಿನಲ್ಲಿ ಬಹಳ ಚಿಕ್ಕ ಅಂಕಿಯಾಗಿ ನಿಂತಿದೆ. ‘ಕಡಿಮೆ ಬೆಲೆಯ ಷೇರು ಬೇಡ’ ಎಂದು ನೀವು ಸೋಸುವ ಸಾಲು ಬರೆದರೆ, ಅಂದಿನ ಪೇಟೆಯ ಅತಿ ದುಬಾರಿ ಷೇರುಗಳಲ್ಲೊಂದನ್ನು ಅದು ಅಗ್ಗದ್ದೆಂದು ಹೊರಗೆ ಹಾಕಬಹುದು.

ಇನ್ನೊಂದು, ಪಟ್ಟಿಯ ವಿಷಯ. ಇಂದಿನ ನಿಫ್ಟಿಯ ಐವತ್ತು ಹೆಸರುಗಳನ್ನು ಹಿಡಿದು 2005ರಿಂದ ಬ್ಯಾಕ್‌ಟೆಸ್ಟ್ ಮಾಡುವವರೇ ಹೆಚ್ಚು. ಆ ಪಟ್ಟಿಯಲ್ಲಿ ಸತ್ಯಂ ಕಂಪ್ಯೂಟರ್ಸ್ ಇಲ್ಲ. 2009ರ ಜನವರಿ 7ರಂದು ಲೆಕ್ಕಪತ್ರಗಳ ಸುಳ್ಳು ಹೊರಬಿದ್ದ ದಿನದವರೆಗೂ ಅದು ನಿಫ್ಟಿಯಲ್ಲೇ ಇತ್ತು, ಆ ಒಂದೇ ದಿನ ಮುಕ್ಕಾಲು ಪಾಲಿಗೂ ಹೆಚ್ಚು ಬೆಲೆ ಕಳೆದುಕೊಂಡಿತು. ಯೆಸ್ ಬ್ಯಾಂಕ್ 2020ರ ಮಾರ್ಚ್‌ವರೆಗೆ ಇತ್ತು. ಬದುಕುಳಿದವರ ಪಟ್ಟಿ ಹಿಡಿದು ಹಿಂದಕ್ಕೆ ಹೋಗುವುದು ಕೂಡ ನಾಳೆಯನ್ನು ನೋಡಿ ಇಂದು ಕೊಳ್ಳುವುದೇ. ಇದನ್ನು ಯಾವ ತಪಾಸಣೆ ಗುಂಡಿಯೂ ಹೇಳಿಕೊಡುವುದಿಲ್ಲ.

ಹಾಗಾದರೆ ಕೋಡ್ ಓದಲು ಬಾರದವರು ಏನು ಮಾಡಬೇಕು? ನಿಮಗೂ ಒಂದು ಪರೀಕ್ಷೆ ಇದೆ, ನನ್ನ ಅನುಭವದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಡೇಟಾಬೇಸಿನ ಒಂದು ನಕಲು ಮಾಡಿಕೊಳ್ಳಿ. ಅದರಲ್ಲಿ ಕೊನೆಯ ನೂರು ದಿನಗಳ ಬೆಲೆಯನ್ನು ಅಳಿಸಿ. ಫಾರ್ಮುಲಾ ಓಡಿಸಿ, ಬಾಣಗಳು ಯಾವ ಯಾವ ತಾರೀಖಿಗೆ ಬಂದವು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಪೂರ್ತಿ ಡೇಟಾದ ಮೇಲೆ ಅದೇ ಫಾರ್ಮುಲಾ ಓಡಿಸಿ. ಹಳೆಯ ತಾರೀಖುಗಳಲ್ಲಿ ಒಂದೇ ಒಂದು ಬಾಣ ಹೊಸದಾಗಿ ಬಂದಿದ್ದರೂ, ಮಾಯವಾಗಿದ್ದರೂ, ಜಾಗ ಬದಲಿಸಿದ್ದರೂ ಆ ಫಾರ್ಮುಲಾ ಮುಂದಿನದನ್ನು ನೋಡುತ್ತಿದೆ. ಅಳಿಸುವುದು ಕಷ್ಟವೆನಿಸಿದರೆ ‘ಬಾರ್ ರೀಪ್ಲೇ’ ಬಳಸಿ ಒಂದೊಂದೇ ದಿನ ಮುಂದೆ ಹೋಗಿ, ಬಾಣ ಬಿದ್ದ ಕೂಡಲೇ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಇದಕ್ಕೆ ಪ್ರೋಗ್ರಾಮಿಂಗ್ ಬೇಡ, ತಾಳ್ಮೆ ಸಾಕು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳುವವರಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಂಕಿ ಹೇಳುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಅದರ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಶನ್ಸ್‌ಗೆ ಕೈಹಾಕಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡರು. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಇದಕ್ಕೆಲ್ಲ ಕೆಟ್ಟ ಫಾರ್ಮುಲಾಗಳೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಮೊದಲೇ ಸೋಲಿನ ಕಡೆಗೆ ವಾಲಿರುವ ಕಣದಲ್ಲಿ ಸುಳ್ಳು ಬ್ಯಾಕ್‌ಟೆಸ್ಟ್ ಕೊಡುವ ಧೈರ್ಯ ಮನೆ ಮುಳುಗಿಸುತ್ತದೆ. ಗೆಲುವು ಖಚಿತ ಎಂದು ನಂಬಿದವನು ಸಾಲ ಮಾಡಿಯಾದರೂ ದೊಡ್ಡ ಲಾಟ್ ಹಾಕುತ್ತಾನೆ. ನನಗೆ ಸಂಕಟವಾಗುವುದು ಅಲ್ಲಿ.

2025ರ ಫೆಬ್ರುವರಿಯಲ್ಲಿ ಸೆಬಿ ಸಣ್ಣ ಹೂಡಿಕೆದಾರರ ಆಲ್ಗೋ ಟ್ರೇಡಿಂಗ್‌ಗೆ ಸುತ್ತೋಲೆ ಹೊರಡಿಸಿತು. ಒಳಗಿನ ತರ್ಕ ತೆರೆದಿಟ್ಟ, ಬೇರೆಯವರೂ ಅದೇ ರೀತಿ ಮಾಡಿ ನೋಡಬಹುದಾದ ಆಲ್ಗೋ ಒಂದು ಬಗೆ. ತರ್ಕ ಮುಚ್ಚಿಟ್ಟದ್ದು ಇನ್ನೊಂದು ಬಗೆ. ಮುಚ್ಚಿಟ್ಟದ್ದನ್ನು ಕೊಡುವವರು ರಿಸರ್ಚ್ ಅನಲಿಸ್ಟ್ ಎಂದು ನೋಂದಾಯಿಸಿಕೊಂಡು, ಪ್ರತಿ ಆಲ್ಗೋಗೂ ಸಂಶೋಧನಾ ವರದಿ ಇಟ್ಟಿರಬೇಕು. ಲಾಕ್ ಮಾಡಿದ ಫೈಲನ್ನು ‘ಶೇ 90 ಖಚಿತ’ ಎಂದು ಹೇಳಿ ಮಾರುವವರ ಹತ್ತಿರ ನೋಂದಣಿ ಸಂಖ್ಯೆ ಕೇಳುವುದು ಈಗ ನಿಮ್ಮ ಹಕ್ಕು. ಸಂಕೋಚ ಬಿಟ್ಟು ಕೇಳಿ.

ಕನ್ನಡದಲ್ಲಿ ಟೆಕ್ನಿಕಲ್ ಅನಾಲಿಸಿಸ್ ಕಲಿಸುತ್ತಿರುವ ಮಿತ್ರರಲ್ಲೂ ಒಂದು ಬೇಡಿಕೆ. ಇಂಡಿಕೇಟರ್‌ಗಳ ಹೆಸರು ಹೇಳಿಕೊಡುವ ಮೊದಲು ಒಂದು ತರಗತಿಯನ್ನು ಅರೇಗೆ ಮೀಸಲಿಡಿ. ಐದು ಬೆಲೆ ಬೋರ್ಡಿನ ಮೇಲೆ ಬರೆಸಿ, ನಿನ್ನೆಯ ಬೆಲೆಯ ಸಾಲು, ಸರಾಸರಿಯ ಸಾಲು, ಹೌದು-ಇಲ್ಲದ ಸಾಲು ಮೂರನ್ನೂ ವಿದ್ಯಾರ್ಥಿಗಳ ಕೈಯಲ್ಲೇ ಬರೆಸಿ. ಹೈಸ್ಕೂಲಿನ ಗಣಿತ ಬಂದವರಿಗೆ ಇದು ಬರುತ್ತದೆ. ಇದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಚಾರ್ಟಿನ ಮೇಲಿನ ಬಾಣ ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಉಳಿದ ಗೆಳೆಯರೆ, ಬರುವ ಶನಿವಾರ ಪೇಟೆಗೆ ರಜೆ. ನೀವು ಬಳಸುವ ಫೈಲನ್ನು ಎಡಿಟರ್‌ನಲ್ಲಿ ತೆರೆಯಿರಿ. ರೆಫ್ ಎಲ್ಲೆಲ್ಲಿದೆ, ಅದರೊಳಗಿನ ಅಂಕಿಗೆ ಮೈನಸ್ ಇದೆಯೇ ನೋಡಿ. ಜಿಗ್, ಪೀಕ್, ಟ್ರಫ್, ಲಾಸ್ಟ್‌ವ್ಯಾಲ್ಯೂ, ಎಕ್ಸ್‌ಪ್ಯಾಂಡ್‌ಫಸ್ಟ್ ಹುಡುಕಿ. ಕೊಳ್ಳುವ ಬೆಲೆ ಯಾವ ಬಾರ್‌ನದು ಎಂದು ಪರೀಕ್ಷಿಸಿ. ನೂರು ದಿನ ಅಳಿಸುವ ಪರೀಕ್ಷೆ ಮಾಡಿ. ಇವುಗಳಲ್ಲಿ ಒಂದರಲ್ಲಿ ಸೋತರೂ ಸೋಮವಾರ ಆ ಫಾರ್ಮುಲಾದ ಮೇಲೆ ಒಂದು ಲಾಟ್ ಕೂಡ ಹಾಕಬೇಡಿ. ಫೈಲನ್ನು ತೆರೆಯಲೇ ಬಿಡದೆ ಮಾರಿದ್ದರೆ, ಕೊಟ್ಟ ದುಡ್ಡು ಹೋಯಿತೆಂದುಕೊಂಡು ಅದನ್ನು ಕಂಪ್ಯೂಟರಿನಿಂದ ತೆಗೆದುಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ಫಾರ್ಮುಲಾ ಬರೆಯುವ ಒಬ್ಬ ಕನ್ನಡಿಗ